ಇಟಲಿ ಅಮ್ಮನ ತಂತಿ

ಮೇ ೨, ೧೯೬೦, ಸೋಮವಾರ

ಇವತ್ತು ಒಬ್ಬಳೇ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಬಂದೆ. ಹೋಗುವಾಗ ಬುರ್ಖಾದ ಪರದೆ ಇಳಿಸಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ ದನಿಯೇ ಹೊರಡಲಿಲ್ಲ. ಪಕ್ಕದ ಹೆಂಗಸು, "ಹರಿಹರಕ್ಕೇ ಇರಬೇಕು, ಒಂದು ಟಿಕೀಟು ಕೊಡಪ್ಪ" ಎಂದು ನನ್ನ ಪರವಾಗಿ ಹೇಳಿದಳು.

ಇದಕ್ಕೆಲ್ಲ ಕಾರಣ ಇವರೇ, ನಮ್ಮ ಯಜಮಾನರು. ದಾವಣಗೆರೆ ತಂತಿ ಆಫೀಸಿನಲ್ಲಿ ತಂತಿ ಹೊಡೆಯುವ ಸಿಗ್ನಲರ್ ಖಾಜಾ ಹುಸೇನ್ ಅಂದರೆ ಹರಿಹರದ ಗುತ್ತೂರು ದಾರಿಯ ಹೊಸ ಕಾರ್ಖಾನೆಯವರಿಗೆಲ್ಲ ಗೊತ್ತು. ಅವರ ಪರದೇಶದ ತಂತಿಗಳೆಲ್ಲ ಇವರ ಕೈಯಿಂದಲೇ ಹೋಗುತ್ತವೆ. ಅಲ್ಲಿಗೆ ಇಟಲಿಯಿಂದ ಯಂತ್ರಗಳು ಬಂದಿವೆ, ಅವನ್ನು ಕೂಡಿಸಲು ಬ್ರೂನೊ ಎಂಬ ಮೇಸ್ತ್ರಿ ಬಂದಿದ್ದಾನೆ. ಅವನ ಹೆಂಡತಿಗೆ ಇಂಗ್ಲಿಷ್ ಪೇಪರು ಓದಿ ಹೇಳಲು ಒಬ್ಬ ಹೆಂಗಸು ಬೇಕೆಂದು ಮ್ಯಾನೇಜರು ಕೇಳಿದರಂತೆ. ಇವರು ನನ್ನ ಹೆಸರು ಹೇಳಿಬಿಟ್ಟಿದ್ದಾರೆ.

"ಎಸ್ಸೆಸ್ಸೆಲ್ಸಿ ಪಾಸಾಗಿ ಒಲೆ ಊದ್ಕೊಂಡು ಕುಂತೀಯಲ್ಲ, ಹೋಗಿ ಬಾ" ಎಂದರು.

ಅತ್ತೆ ಹಜೀರಾಬೀ ಊಟದ ತಟ್ಟೆ ಸರಿಸಿ ಎದ್ದರು. "ಮಗಳಿಗೆ ಇನ್ನೂ ಎರಡು ತುಂಬಿಲ್ಲ. ಇವಳು ಊರೂರು ತಿರುಗಾಕ ಹೋದ್ರ ಅದನ್ನ ಯಾರು ನೋಡ್ಬೇಕು? ನನ್ನ ಸೊಂಟದಾಗ ಬಲ ಇಲ್ಲ." ಶಹಜಾದಿಯನ್ನು ಬಿಟ್ಟು ಬಸ್ಸು ಹತ್ತುವಾಗ ಅದೇ ಮಾತು ಕಿವಿಯಲ್ಲಿತ್ತು.

ನದಿಯ ದಂಡೆಗೆ ಹತ್ತಿರದ ಬಂಗಲೆ. ಆ ಹೆಂಗಸಿನ ಹೆಸರು ಲೂಚಿಯಾ. ಆಳುಗಳೆಲ್ಲ ಇಟಲಿ ಅಮ್ಮ ಅನ್ನುತ್ತಾರೆ. ನಲವತ್ತೈದರ ಮೇಲಿದ್ದಾಳು. ನನ್ನ ಇಂಗ್ಲಿಷು ಕುಂಟುತ್ತದೆ, ಅವಳದು ತೆವಳುತ್ತದೆ. ನಡುವೆ ಅವಳ ಪುಟ್ಟ ನಿಘಂಟು. ಇಡೀ ಪೇಪರಿನಲ್ಲಿ ಇಟಲಿ ಎಂದು ಎಲ್ಲಿದೆಯೋ ಅಷ್ಟನ್ನೇ ಓದಬೇಕಂತೆ. ಇಷ್ಟೇ ಕೆಲಸವೆ? ಇದಕ್ಕೆ ಇಷ್ಟು ದೂರ ಬರಬೇಕೆ? ತಿಳಿಯಲಿಲ್ಲ.

ಮೇ ೧೧, ಬುಧವಾರ

ಇಟಲಿಯ ಸುದ್ದಿ ಓದುತ್ತೇನೆ, ಆದರೆ ನಾನು ಓದಿದ್ದು ನನಗೇ ಅರ್ಥವಾಗುವುದಿಲ್ಲ. ಇವತ್ತು ಧೈರ್ಯ ಮಾಡಿ ಕೇಳಿದೆ. ಅವಳು ನಿಘಂಟು ಮಗುಚುತ್ತ, ಟೇಬಲ್ಲಿನ ಮೇಲೆ ಉಪ್ಪಿನ ಡಬ್ಬಿ, ಲೋಟ, ಚಮಚ ಇಟ್ಟು ತೋರಿಸುತ್ತ ಹೇಳಿದಳು. ನನಗೆ ತಿಳಿದಂತೆ ಬರೆಯುತ್ತೇನೆ.

ಅವರಲ್ಲಿ ಐವತ್ತೆಂಟರಲ್ಲಿ ಚುನಾವಣೆ ಆಯಿತು. ಆ ಪಾರ್ಲಿಮೆಂಟಿಗೆ ಐದು ವರ್ಷ ಆಯುಷ್ಯ. ಮೆಂಬರುಗಳು ಅವರೇ. ಆದರೆ ಎರಡು ವರ್ಷದೊಳಗೆ ಇದು ಮೂರನೆಯ ಪ್ರಧಾನಿ! ಕ್ರೈಸ್ತರ ಹೆಸರು ಇಟ್ಟುಕೊಂಡ ದೊಡ್ಡ ಪಕ್ಷವೊಂದಿದೆ, ಅದು ಉಪ್ಪಿನ ಡಬ್ಬಿ. ಅದರಲ್ಲಿ ಕೆಲವರು ಎಡಗಡೆಯ ಸಮಾಜವಾದಿಗಳನ್ನು ಜೊತೆಗೆ ಕರೆದುಕೊಳ್ಳೋಣ ಅನ್ನುತ್ತಾರೆ, ಕೆಲವರು ಕೂಡದು ಅನ್ನುತ್ತಾರೆ. ಈಗಿನ ಪ್ರಧಾನಿ ಬಲಗಡೆ ತಿರುಗಿ, ಯುದ್ಧಕಾಲದ ಸರ್ವಾಧಿಕಾರಿಯ ಕಡೆಯವರ ಓಟು ತೆಗೆದುಕೊಂಡಿದ್ದಾನೆ. ಅದಕ್ಕೆ ಅವನ ಮಂತ್ರಿಗಳೇ ಕೆಲವರು ಬಿಟ್ಟುಹೋದರು. ಅವನೂ ರಾಜೀನಾಮೆ ಕೊಟ್ಟ. ಆಮೇಲೆ ಮತ್ತೆ ಬಂದು ಕೂತ.

"ರಾಜೀನಾಮೆ ಕೊಟ್ಟವನು ಮತ್ತೆ ಹೇಗೆ ಕೂತ?" ಎಂದೆ.

ಅವಳು ನಿಘಂಟಿನಲ್ಲಿ ಹುಡುಕಿ ಒಂದು ಪದದ ಮೇಲೆ ಬೆರಳಿಟ್ಟಳು. ನಾಚಿಕೆ. "ಇದು ಅವನ ಹತ್ತಿರ ಇಲ್ಲ" ಎಂದಳು.

ಮನೆಗೆ ಬಂದು ಇವರನ್ನು ಕೇಳಿದೆ: ಓಟು ಹಾಕಿದ ಜನ ಅವರೇ, ಆರಿಸಿ ಬಂದವರೂ ಅವರೇ, ಸರ್ಕಾರ ಮಾತ್ರ ಬೇರೆ ಬೇರೆ ಹೇಗೆ? ಇವರು ನಕ್ಕು, "ಅದನ್ನ ಕಟ್ಕೊಂಡು ನಿನಗೇನಾಗ್ಬೇಕು? ಪೇಪರ್ ಓದು, ಬಾ" ಎಂದರು. ಅದೂ ನಿಜ. ನನಗೇನಾಗಬೇಕು?

ಮೇ ೨೩

ಉಪ್ಪಿನ ಡಬ್ಬಿ ಎಡಕ್ಕೆ ಸರಿಯುತ್ತದೋ ಬಲಕ್ಕೋ? ಇವತ್ತೂ ಪೇಪರಿನಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಕೂತು ನಮ್ಮ ಸ್ಟಾಪು ಬಿಟ್ಟು ಮುಂದೆ ಹೋಗಿಬಿಟ್ಟೆ. ನಡೆದು ಬಂದೆ. ಅತ್ತೆಗೆ ಹೇಳಲಿಲ್ಲ.

ಜೂನ್ ೧೪, ಮಂಗಳವಾರ

ಅವಳಿಗೆ ಒಬ್ಬನೇ ಮಗ. ಪಾವ್ಲೊ. ಹತ್ತೊಂಬತ್ತು. ಅವರ ಊರು ರೆಜಿಯೊ ಎಮಿಲಿಯಾ. ಅಲ್ಲಿ ಕಾರ್ಖಾನೆ ಕೆಲಸ, ಅಜ್ಜಿಯ ಜೊತೆ ಇದ್ದಾನೆ. ಭಾರತಕ್ಕೆ ಬಾ ಎಂದು ಅಪ್ಪ ಕರೆದರೆ ಬರಲಿಲ್ಲ. "ಇಲ್ಲಿ ಕೆಲಸ ಐತೆ" ಎಂದನಂತೆ. ಯಾವ ಕೆಲಸ? ಕಾರ್ಮಿಕ ಸಂಘದ ಕೆಲಸ. ಅಪ್ಪ ಮಗ ಮಾತು ಬಿಟ್ಟಿದ್ದಾರೆ. ಬ್ರೂನೊ ಊಟಕ್ಕೆ ಬಂದಾಗ ಅವಳು ಪೇಪರು ಮಡಚಿ ಇಡುತ್ತಾಳೆ. ಇಷ್ಟು ದಿನ ಅವಳು ಸುದ್ದಿ ಕೇಳುತ್ತಿದ್ದದ್ದು ಪ್ರಧಾನಿಗಾಗಿ ಅಲ್ಲ, ಮಗನಿಗಾಗಿ.

ನಮ್ಮ ಮನೆಯಲ್ಲೂ ಈಗ ಸಂಘವೇ. ಲೈನ್‌ಮನ್ ಮಲ್ಲೇಶಪ್ಪ ಸಂಜೆಯಾದರೆ ಜಗುಲಿಗೆ ಬಂದು ಕೂರುತ್ತಾನೆ. ಆನಗೋಡಿನ ಕಡೆಯವನು, ದೊಡ್ಡ ದನಿ. ಅಂಚೆ, ತಂತಿ, ರೈಲು, ದಿಲ್ಲಿ ಸರ್ಕಾರದ ಎಲ್ಲ ನೌಕರರೂ ಕೂಡಿ ಮುಷ್ಕರ ಹೂಡುತ್ತಾರಂತೆ. ತುಟ್ಟಿಭತ್ಯೆ ಹೆಚ್ಚಿಸಿ ಎಂದು.

"ನಮ್ಮನ್ನ ಆಳೋರು ನಾವೇ ಆರಿಸಿದೋರು. ಅವರ ಮ್ಯಾಲೇ ಮುಷ್ಕರ ಅಂದ್ರ ಹೆಂಗೆ ಮಲ್ಲೇಶಪ್ಪ?" ಎಂದು ಇವರು ಕೇಳುತ್ತಿದ್ದರು.

"ಆರಿಸಿದ್ದಕ್ಕೇ ಕೇಳೋದು. ಆರಿಸದಿದ್ರ ಯಾವ ಬಾಯಿಲೆ ಕೇಳ್ತಿದ್ವಿ ಸಾಬ್ರೆ?" ಎಂದ ಅವನು.

ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಇಬ್ಬರ ಮಾತೂ ಸರಿ ಅನ್ನಿಸಿತು. ಇಬ್ಬರದೂ ಸರಿ ಇರುವುದು ಹೇಗೆ?

ಜುಲೈ ೩, ಭಾನುವಾರ

ನಿನ್ನೆ ಓದಿದ ಸುದ್ದಿ ದೊಡ್ಡದು. ಜಿನೋವಾ ಎಂಬ ಬಂದರಿನಲ್ಲಿ ಆ ಹಳೆಯ ಸರ್ವಾಧಿಕಾರಿಯ ಕಡೆಯವರು ಸಮ್ಮೇಳನ ನಡೆಸಲು ಹೊರಟರು. ಊರಿನವರು ಬೀದಿಗಿಳಿದರು. ಪೊಲೀಸರಿಗೂ ಜನರಿಗೂ ಜಟಾಪಟಿ. ಲೂಚಿಯಾ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. "ಯುದ್ಧದಲ್ಲಿ ನನ್ನ ಅಣ್ಣ ಸತ್ತ. ಅವರ ಕೈಯಲ್ಲಿ" ಎಂದಳು. ಆಮೇಲೆ, "ಪಾವ್ಲೊ ಸುಮ್ಮನೆ ಮನೆಯಲ್ಲಿ ಕೂರುವವನಲ್ಲ" ಎಂದಳು.

ನಮ್ಮವರೂ ಮನೆಯಲ್ಲಿ ಕೂರುತ್ತಿಲ್ಲ. ದಿನಾ ಮೀಟಿಂಗು. ಅತ್ತೆ ಎರಡು ದಿನದಿಂದ ಮಗನ ಜೊತೆ ಮಾತಾಡುತ್ತಿಲ್ಲ.

ಜುಲೈ ೯, ಶನಿವಾರ

ಹೇಗೆ ಬರೆಯಲಿ?

ಪೇಪರಿನ ಒಳಪುಟದಲ್ಲಿ ನಾಲ್ಕೇ ಸಾಲು. ಎಂದಿನಂತೆ ಜೋರಾಗಿ ಓದುತ್ತ ಹೋದೆ. ಮುಷ್ಕರದ ದಿನ ಸಭೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಐವರು ಸತ್ತರು, ಬಹಳ ಜನಕ್ಕೆ ಗಾಯ. ರೆಜಿಯೊ ಎಮಿಲಿಯಾ ಎಂದು ಊರಿನ ಹೆಸರು ಬಾಯಿಂದ ಹೊರಟ ಮೇಲೆಯೇ ನನಗೆ ಹೊಳೆದದ್ದು. ನಾಲಿಗೆ ಹಿಡಿದುಕೊಳ್ಳಲು ಆಗಲಿಲ್ಲ.

"ಮತ್ತೆ ಓದು" ಎಂದಳು.

ಓದಿದೆ. ಅಷ್ಟರಲ್ಲಿ ಊಟಕ್ಕೆ ಬಂದಿದ್ದ ಬ್ರೂನೊ ಬಾಗಿಲಲ್ಲೇ ನಿಂತುಬಿಟ್ಟಿದ್ದ. ದಕ್ಷಿಣದಲ್ಲಿ ಇನ್ನೊಂದು ರೆಜಿಯೊ ಇದೆ, ಅದಿರಬೇಕು ಎಂದ. ಲೂಚಿಯಾ ಪೇಪರು ಕಿತ್ತುಕೊಂಡು ಎಮಿಲಿಯಾ ಎಂಬ ಅಕ್ಷರಗಳ ಕೆಳಗೆ ಉಗುರು ಒತ್ತಿ ಗಂಡನ ಮುಖದ ಮುಂದೆ ಹಿಡಿದಳು. ಅವನು ಉಣ್ಣದೆ ಹಾಗೇ ಕಾರ್ಖಾನೆಗೆ ಹೊರಟುಹೋದ.

ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಕೊನೆಯ ಬಸ್ಸು ತಪ್ಪಿ, ಕಾರ್ಖಾನೆಯ ಕಾರಿನಲ್ಲಿ ಕಳಿಸಿದರು. ಅತ್ತೆ ನನ್ನ ಮುಖ ನೋಡಿ ಮಗುವನ್ನು ತಂದು ಮಡಿಲಲ್ಲಿ ಹಾಕಿದರು.

ಜುಲೈ ೧೧, ಸೋಮವಾರ

ಲೂಚಿಯಾ ದಾವಣಗೆರೆಗೇ ಬಂದಳು. ತಂತಿ ಆಫೀಸಿಗೆ ಜೊತೆಗೆ ಹೋದೆ. ಮದುವೆಯಾಗಿ ಇಷ್ಟು ವರ್ಷವಾದರೂ ಇವರು ಕೆಲಸ ಮಾಡುವ ಜಾಗ ನೋಡಿರಲಿಲ್ಲ. ಕಿಟಕಿ ಪಕ್ಕದ ಮೇಜು, ಮೇಲೆ ಹಿತ್ತಾಳೆಯ ಯಂತ್ರ. ಇವರ ಬೆರಳು ಅದರ ಮೇಲೆ ಆಡುತ್ತಿದ್ದರೆ ಮಳೆಹನಿ ತಗಡಿನ ಮೇಲೆ ಬಿದ್ದ ಹಾಗೆ. ಮನೆಯಲ್ಲಿ ಒಂದು ಗುಂಡಿ ಹೊಲಿಯಲು ಬಾರದ ಕೈ!

ಅವರ ಭಾಷೆಯಲ್ಲೇ ಬರೆದಿದ್ದಳು: ಪಾವ್ಲೊ ಹೇಗಿದ್ದಾನೆ, ಕೂಡಲೇ ತಿಳಿಸಿ. ಇವರು ಒಂದೊಂದು ಅಕ್ಷರವನ್ನೂ ಅವಳಿಂದ ಕೇಳಿ ಖಾತ್ರಿ ಮಾಡಿಕೊಂಡು ಹುಬ್ಬಳ್ಳಿಗೆ ಹೊಡೆದರು. ಅಲ್ಲಿಂದ ಬೊಂಬಾಯಿ, ಬೊಂಬಾಯಿಯಿಂದ ಸಮುದ್ರದಾಚೆಗೆ.

ಪೋಸ್ಟ್‌ಮಾಸ್ಟರ್ ಜಂಬಯ್ಯನವರು ಹತ್ತಿರ ಬಂದು, "ಖಾಜಾ ಹುಸೇನ್, ನಾಳೆ ಬರ್ತೀರೋ ಇಲ್ಲೋ?" ಎಂದರು. ಇವರು ತಲೆ ಎತ್ತಲಿಲ್ಲ. "ಮುಷ್ಕರ ಮಾಡಬಾರದು ಅಂತ ಕಾಯ್ದೆ ಬಂದೈತ್ರಿ. ಹಿಡ್ಕೊಂಡು ಹೋಗ್ತಾರೆ. ಸಣ್ಣ ಮಗಳು ಐತೆ ನಿಮಗೆ" ಎಂದು ಹೇಳಿ ಹೋದರು. ಬೆದರಿಸಲು ಹೇಳಿದ್ದಲ್ಲ. ಕಳಕಳಿಯಿಂದಲೇ ಹೇಳಿದ್ದು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಜುಲೈ ೧೨

ಮುಷ್ಕರ. ರೈಲಿನ ಕೂಗಿಲ್ಲ, ಅಂಚೆಯವನಿಲ್ಲ. ಹರಿಹರದ ಆಫೀಸಿಗೆ ಬೀಗವಂತೆ. ಇಲ್ಲಿ ಜಂಬಯ್ಯನವರೂ ಹೊರಗಿನಿಂದ ಕರೆಸಿದ ಒಬ್ಬನೂ ಒಳಗಿದ್ದಾರೆ. ಆಫೀಸಿನ ಸುತ್ತ ರಸ್ತೆಯ ಮೇಲೆ ಸುಣ್ಣದ ಗೆರೆ ಎಳೆದು ಪೊಲೀಸರನ್ನು ನಿಲ್ಲಿಸಿದ್ದಾರೆ. ಮುಷ್ಕರದವರು ಗೆರೆ ದಾಟಿದರೆ ಹಿಡಿಯುತ್ತಾರೆ. ಇವರೆಲ್ಲ ಗೆರೆಯ ಈಚೆ ಬೇವಿನ ಮರದ ಕೆಳಗೆ ಕೂತಿದ್ದಾರೆ.

ಉತ್ತರ ಬಂದರೆ ಯಾರು ತೆಗೆದುಕೊಳ್ಳುತ್ತಾರೆ?

ಜುಲೈ ೧೪, ಗುರುವಾರ

ಉತ್ತರ ಬಂತು. ಬಂದೂ ಬಾರದ ಹಾಗೆ ಬಂತು.

ಕಾರ್ಖಾನೆಯವರು ಇಲ್ಲಿನ ಆಫೀಸಿನಿಂದಲೇ ಅದನ್ನು ಇಸಿದುಕೊಂಡು ಹೋಗಿ ಲೂಚಿಯಾಗೆ ಕೊಟ್ಟಿದ್ದಾರೆ. ಮಧ್ಯಾಹ್ನ ಅವಳು ನೇರ ನಮ್ಮ ಮನೆಗೆ ಬಂದಳು. ಓಣಿಯ ಮಕ್ಕಳೆಲ್ಲ ಕಾರಿನ ಹಿಂದೆ. ತಂತಿಯ ಕಾಗದ ಮುದ್ದೆಯಾಗಿತ್ತು. ಅದರಲ್ಲಿ ನಾಲ್ಕೇ ಪದ: ಪಾವ್ಲೊ ಫೆರೀತೊ ಓರಾ ಮೊಲ್ಯೊ.

ಪಾವ್ಲೊ ಅಂದರೆ ಅವಳ ಮಗ. ಫೆರೀತೊ ಅಂದರೆ ಗಾಯಗೊಂಡಿದ್ದಾನೆ. ಓರಾ, ಈಗ. ಈಗ ಏನು? ಮೊಲ್ಯೊ ಎಂಬ ಪದವೇ ಅವರ ಭಾಷೆಯಲ್ಲಿಲ್ಲವಂತೆ. ಹೊರಗಿನಿಂದ ಬಂದ ಆ ಮನುಷ್ಯ ಅಕ್ಷರ ತಪ್ಪಿ ಬರೆದುಕೊಂಡಿದ್ದಾನೆ.

ಲೂಚಿಯಾ ಎರಡು ಪದ ಬರೆದು ತೋರಿಸಿದಳು. ಒಂದು ಮೇಲ್ಯೊ, ಬರೆಯುವಾಗ ನಡುವೆ ಜಿ ಇದೆ, ಓದುವಾಗ ಇಲ್ಲ. ಅಂದರೆ ಪರವಾಗಿಲ್ಲ, ಮೊದಲಿಗಿಂತ ಮೇಲು. ಇನ್ನೊಂದು ಮೊರ್ತೊ. ಅದರ ಅರ್ಥ ಹೇಳಲಿಲ್ಲ. ನಮ್ಮ ಮೇಲು ಅವರ ಮೇಲ್ಯೊ ಆದರೆ, ಆ ಇನ್ನೊಂದು ಏನಿರಬಹುದೆಂದು ನಾನೇ ತಿಳಿದುಕೊಂಡೆ. ನಾವೂ ಮೃತ ಅನ್ನುತ್ತೇವಲ್ಲ.

ಅತ್ತೆಗೆ ಹೇಳಿದೆ. ಅವರು ಚಹಾ ಮಾಡಿ ತಂದು, ಆಕೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಬಸಿಗೆ ಹಾಕಿ ಆರಿಸಿ ಕುಡಿಸಿದರು. ಆಕೆಗೆ ಕನ್ನಡ ಬಾರದು, ಉರ್ದು ಬಾರದು. "ಕುಡಿಯವ್ವ, ಕುಡಿ" ಎಂದು ಅತ್ತೆ ಹೇಳುತ್ತಲೇ ಇದ್ದರು.

"ಹುಬ್ಬಳ್ಳಿಯನ್ನು ಮತ್ತೆ ಕೇಳಬಹುದು. ನನ್ನ ಗಂಡ ಒಳಗೆ ಹೋದರೆ ಒಂದು ನಿಮಿಷದ ಕೆಲಸ. ಇವತ್ತೇ ಹೇಳುತ್ತೇನೆ" ಎಂದೆ.

"ಅವನು ಯಾಕೆ ಒಳಗಿಲ್ಲ?" ಎಂದಳು. ಮುಷ್ಕರ ಎಂದೆ. ಆ ಪದ ಅವಳಿಗೆ ನಿಘಂಟಿಲ್ಲದೆ ಅರ್ಥವಾಯಿತು. ಬಸಿ ಕೆಳಗಿಟ್ಟು, "ಪಾವ್ಲೊ ಕೂಡ ಮುಷ್ಕರದಲ್ಲಿ. ನಿನ್ನ ಗಂಡನನ್ನು ಕೇಳಬೇಡ" ಎಂದಳು.

ನಾನು ಕೇಳಿದೆ. ಸಂಜೆ ಇವರು ಕಾಲು ತೊಳೆಯುವಾಗಲೇ ಕೇಳಿದೆ.

"ನಾನು ಒಳಗೆ ಕಾಲಿಟ್ರ ಜಂಬಯ್ಯನೋರು ಹಾಜರಿ ಹಾಕ್ತಾರೆ. ಖಾಜಾ ಹುಸೇನ್ ಹೋದ ಅಂತ ನಾಳೆ ನಾಲ್ಕು ಮಂದಿ ಹೋಗ್ತಾರೆ. ಅಲ್ಲಿಗೆ ಮುಗೀತು" ಎಂದರು.

"ಒಬ್ಬ ತಾಯಿ ಕಾಯ್ತಾಳ್ರಿ."

"ಗೊತ್ತೈತೆ. ಅದನ್ನ ಹೇಳಬ್ಯಾಡ ನನಗೆ."

ಇವರು ಉಣ್ಣಲಿಲ್ಲ. ಇವರ ಮೇಲೆ ಸಿಟ್ಟು ಬಂತು, ಅಯ್ಯೋ ಎಂದೂ ಅನ್ನಿಸಿತು. ಕೇಳಬೇಡ ಎಂದ ಲೂಚಿಯಾ ಮೇಲೂ ಸಿಟ್ಟು. ಮಗನಿಗಿಂತ ದೊಡ್ಡದೆ ಅದು? ಯಾರ ಪರ ನಿಲ್ಲಬೇಕೆಂದು ತಿಳಿಯುತ್ತಿಲ್ಲ.

ಜುಲೈ ೧೫, ಶುಕ್ರವಾರ

ಆದದ್ದನ್ನೆಲ್ಲ ಬರೆದುಬಿಡುತ್ತೇನೆ.

ಬೆಳಿಗ್ಗೆ ಲೂಚಿಯಾ ಬಂದಳು. ಅವಳನ್ನು ಕರೆದುಕೊಂಡು ನಾನೇ ಆಫೀಸಿಗೆ ಹೋದೆ. ಪೊಲೀಸರು ಹೆಂಗಸರೆಂದು ಗೆರೆಯೊಳಗೆ ಬಿಟ್ಟರು. ಜಂಬಯ್ಯನವರು ಒಬ್ಬರೇ ಇದ್ದರು. ಹೊರಗಿನಿಂದ ಬಂದವನು ಜ್ವರವೆಂದು ಮಲಗಿದ್ದಾನಂತೆ. ಕಾಗದ ತೋರಿಸಿ, ಕೊನೆಯ ಪದ ಮತ್ತೆ ಕೇಳಬೇಕು ಎಂದೆ.

"ಕೇಳಬಹುದಮ್ಮ, ನನಗೂ ಕಲಿತ ವಿದ್ಯೆ. ನಿಧಾನಕ್ಕೆ ಹೊಡೀತೀನಿ. ಆದ್ರ ಅವರು ತಿರುಗಿ ಹೊಡೆದದ್ದು ನನ್ನ ಕಿವಿಗೆ ಹತ್ತಲ್ಲ. ಕಿವಿ ಮಂದಾಗಿ ಆರು ವರ್ಷ ಆತು" ಎಂದರು. ದನಿ ತಗ್ಗಿಸಿ, "ನಿಮ್ಮೆಜಮಾನ್ರನ್ನ ಕಳಸ್ರಿ. ಹಾಜರಿ ಹಾಕಲ್ಲ ನಾನು" ಎಂದರು.

"ಅವರು ಬರಲ್ಲ" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ನಾನು ಕೇಳಿಯೇ ಇರಲಿಲ್ಲ, ಹಾಜರಿ ಹಾಕದಿದ್ದರೆ ಬರುತ್ತಾರೋ ಏನೋ.

ಆ ಯಂತ್ರದ ಪಕ್ಕದ ಕಿಟಕಿ ಮುಚ್ಚಿತ್ತು. ಅದನ್ನು ನೋಡುತ್ತ ನಿಂತಿದ್ದೆ. "ಸಾರ್, ಈ ಕಿಟಕಿ ತೆಗೀತೀರಾ?" ಎಂದೆ.

"ಯಾಕೆ? ತೆಗೀಬಾರದು ಅಂತ ಪೊಲೀಸ್ನೋರು ಹೇಳ್ಯಾರೆ."

"ಗಾಳಿ ಬೇಕು ಅಂತ ತೆಗೀರಿ."

ಅವರು ನನ್ನನ್ನೂ ಲೂಚಿಯಾಳನ್ನೂ ನೋಡಿದರು. ಎದ್ದು ಹೋಗಿ ಚಿಲಕ ತೆಗೆದರು.

ನಾನು ಬೇವಿನ ಮರದ ಕಡೆ ಓಡಿದೆ. ಜುಮ್ಮಾ ನಮಾಜಿಗೆ ಹೋಗಲು ಇವರು ಏಳುತ್ತಿದ್ದರು. ಅಷ್ಟು ಜನ ಗಂಡಸರ ಮಧ್ಯೆ ನಿಂತು ಹೇಳಿದೆ: ಜಂಬಯ್ಯನವರು ಹುಬ್ಬಳ್ಳಿಗೆ ಹೊಡೆಯುತ್ತಾರೆ, ಉತ್ತರದ ಸದ್ದು ಕಿಟಕಿಯಿಂದ ಹೊರಗೆ ಬರುತ್ತದೆ, ನೀವು ಹೊರಗೇ ನಿಂತು ಕೇಳಿ ಅಕ್ಷರ ಹೇಳಿದರೆ ಸಾಕು.

"ಇಲ್ಲಿಗೆ ಕೇಳಲ್ಲ" ಎಂದರು ಇವರು. ಗೆರೆಯಿಂದ ಕಿಟಕಿ ದೂರವಿತ್ತು. ಕೇಳಬೇಕೆಂದರೆ ಗೋಡೆಯ ತನಕ ಹೋಗಬೇಕು. ಗೋಡೆಯ ತನಕ ಹೋದರೆ ಜೈಲು.

ಒಬ್ಬ, "ಅದೂ ಕೆಲಸ ಮಾಡಿದಂಗೇ ಆತಲ್ಲ" ಎಂದ. ಇನ್ನೊಬ್ಬ ಹೌದೆಂದ. ಮಲ್ಲೇಶಪ್ಪ ಎದ್ದು ನಿಂತು ಕೂಗಿದ: "ಯಂತ್ರ ಮುಟ್ಟಿದ್ರ ಕೆಲಸ. ಕಿವಿಗೆಲ್ಲಿ ಮುಷ್ಕರ ಹೂಡ್ಯಾರಪ್ಪ?" ಕೆಲವರು ನಕ್ಕರು. ಇವರು ನಗಲಿಲ್ಲ. ನನ್ನ ಕಡೆ ತಿರುಗಿದರು.

"ಹೋದ್ರ ಹಿಡೀತಾರೆ. ನೌಕರಿಗೂ ಕುತ್ತು ಬರಬಹುದು. ಹೇಳು, ನೀ ಏನಂತಿ?"

ಮದುವೆಯಾದಾಗಿನಿಂದ ಇವರು ಹೀಗೆ ಕೇಳಿದ್ದು ನೆನಪಿಲ್ಲ. ಮಗಳು ಕಣ್ಣ ಮುಂದೆ ಬಂದಳು, ಅತ್ತೆ ಬಂದರು. ಅತ್ತ ಕಿಟಕಿಯ ಕೆಳಗೆ ಲೂಚಿಯಾ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದಳು. "ಹೋಗ್ರಿ" ಎಂದೆನಂತೆ. ಮರದ ಕೆಳಗಿದ್ದವರು ಆಮೇಲೆ ಹೇಳಿದರು. ನಾನು ಅಂದದ್ದು ನನಗೆ ನೆನಪಿಲ್ಲ.

ಇವರು ಟೋಪಿ ಸರಿಮಾಡಿಕೊಂಡು ಗೆರೆ ದಾಟಿದರು. ಓಡಲಿಲ್ಲ, ದಿನಾ ಆಫೀಸಿಗೆ ಹೋಗುವ ಹಾಗೇ ನಡೆದರು. ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತರು. ನಾನೂ ಹಿಂದೆಯೇ ಹೋಗಿ, "ಹೊಡೀರಿ ಸಾರ್!" ಎಂದು ಒಳಗೆ ಕೂಗಿದೆ. ಜಂಬಯ್ಯನವರ ಕೈ ಕಟ್, ಕಟ್ ಎಂದು ತಡೆತಡೆದು ಹೊಡೆಯಿತು. ಆಮೇಲೆ ಸದ್ದಿಲ್ಲ. ಸಬ್‌ಇನ್ಸ್‌ಪೆಕ್ಟರು ಇಬ್ಬರು ಕಾನ್‌ಸ್ಟೇಬಲ್ಲುಗಳ ಜೊತೆ ಬರುತ್ತಿದ್ದ. ನಾನು ಮುಂದೆ ಹೋಗಿ ಅಡ್ಡ ನಿಂತೆ.

"ಏನಮ್ಮ, ಸರೀರಿ."

"ಒಂದು ಪದ, ಸಾಹೇಬ್ರೆ. ಒಂದೇ ಪದ. ಆಮೇಲೆ ಕರ್ಕೊಂಡು ಹೋಗ್ರಿ."

ಅವನು ಏನನ್ನುತ್ತಿದ್ದನೋ, ಅಷ್ಟರಲ್ಲಿ ಒಳಗೆ ಯಂತ್ರ ತಾನೇ ಬಡಿಯತೊಡಗಿತು. ಎಲ್ಲರೂ ನಿಂತುಬಿಟ್ಟರು. ಮರದ ಕೆಳಗಿನವರೂ ಎದ್ದು ನಿಂತಿದ್ದರು.

"ಎಂ" ಎಂದರು ಇವರು.

ಎರಡು ಪದಕ್ಕೂ ಅದೇ ಮೊದಲ ಅಕ್ಷರ. ಲೂಚಿಯಾ ಬಂದು ನನ್ನ ತೋಳು ಹಿಡಿದಿದ್ದಳು. ಉಗುರು ಇಳಿಯುತ್ತಿತ್ತು.

"ಇ."

"ಮೇಲ್ಯೊ!" ಎಂದು ಅವಳು ಕೂಗಿಕೊಂಡಳು. ಉಳಿದದ್ದು ಅವಳಿಗೆ ಬೇಕಿರಲಿಲ್ಲ, ನೆಲಕ್ಕೆ ಕುಸಿದು ಕೂತಿದ್ದಳು. ಇವರು ಮಾತ್ರ ಕಣ್ಣು ತೆರೆಯದೆ ಜಿ, ಎಲ್, ಐ, ಓ ಎಂದು ಕೊನೆಯ ತನಕ ಹೇಳಿ, "ಜಂಬಯ್ಯನೋರೆ, ಸಿಕ್ತು ಅಂತ ಹೇಳ್ರಿ ಅವರಿಗೆ" ಎಂದು ಕೂಗಿ, ತಾವೇ ಸಬ್‌ಇನ್ಸ್‌ಪೆಕ್ಟರ ಕಡೆ ನಡೆದರು. ಮಲ್ಲೇಶಪ್ಪ ಗೆರೆ ದಾಟಿ ಬಂದು, "ನನ್ನೂ ಹತ್ತಿಸ್ರಿ, ಒಬ್ರೇ ಹೋದ್ರ ಬ್ಯಾಸರಾಗ್ತೈತೆ ಅವರಿಗೆ" ಎಂದ. ಇಬ್ಬರನ್ನೂ ವ್ಯಾನಿಗೆ ಹತ್ತಿಸಿದರು.

ವ್ಯಾನು ಹೋದ ಮೇಲೆ ನೋಡಿಕೊಂಡರೆ ನನ್ನ ಮುಖದ ಮೇಲೆ ಪರದೆ ಇರಲಿಲ್ಲ. ಯಾವಾಗ ಸರಿಯಿತೋ. ಅಷ್ಟೂ ಜನ ನೋಡಿದ್ದಾರೆ.

ಅತ್ತೆಗೆ ಹೇಳಿದೆ. ನಮಾಜಿನ ಚಾಪೆಯ ಮೇಲೆ ಕೂತವರು ಇನ್ನೂ ಎದ್ದಿಲ್ಲ.

ಜುಲೈ ೧೭, ಭಾನುವಾರ

ಮುಷ್ಕರ ಹಿಂದಕ್ಕೆ ತೆಗೆದುಕೊಂಡರಂತೆ. ಏನೂ ಸಿಗದೆ. ಬೇರೆಯವರೆಲ್ಲ ನಾಳೆ ಕೆಲಸಕ್ಕೆ. ಇವರು ಚಿತ್ರದುರ್ಗದ ಜೈಲಿನಲ್ಲಿ. ಹಾಗಾದರೆ ಯಾತಕ್ಕಾಗಿ ಕೂತರು?

ಜುಲೈ ೨೨, ಶುಕ್ರವಾರ

ಜಾಮೀನಿನ ಮೇಲೆ ಬಿಟ್ಟರು. ದುರ್ಗಕ್ಕೆ ನಾನೇ ಹೋಗಿ ಕರೆದುಕೊಂಡು ಬಂದೆ. ನನ್ನ ಅಪ್ಪ ಮಕ್ತುಮ್ ಸಾಬ್ ಅಲ್ಲೇ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಊರಿನಲ್ಲಿ ಗುರುತಿದೆ, ಅವರೇ ಜಾಮೀನು ನಿಂತರು. ಇವರು ಇಳಿದುಹೋಗಿದ್ದಾರೆ. ಬಸ್ಸಿನಲ್ಲಿ ಮಲ್ಲೇಶಪ್ಪನೇ ಇಬ್ಬರ ಮಾತನ್ನೂ ಆಡಿದ. ಮನೆಗೆ ಬಂದರೆ ಸಸ್ಪೆಂಡ್ ಆದ ಆರ್ಡರು ಕಾಯುತ್ತಿತ್ತು.

ಇಟಲಿಯಲ್ಲಿ ಆ ಪ್ರಧಾನಿ ರಾಜೀನಾಮೆ ಕೊಟ್ಟನಂತೆ, ಈ ಸಲ ನಿಜವಾಗಿ. ಇವರಿಗೆ ಹೇಳಿದೆ. "ಅಲ್ಲಿ ಬಿದ್ದದ್ದು ಸರ್ಕಾರ. ಇಲ್ಲಿ ನಾವು" ಎಂದರು. ನಗುತ್ತಾರೋ ಎಂದು ನೋಡಿದೆ. ನಗಲಿಲ್ಲ.

ಜುಲೈ ೨೮, ಗುರುವಾರ

ಹೊಸ ಪ್ರಧಾನಿ ಬಂದಿದ್ದಾನೆ. ಹೊಸಬನೇನಲ್ಲ. ಐವತ್ತೆಂಟರಲ್ಲಿ ಈ ಪಾರ್ಲಿಮೆಂಟು ಶುರುವಾದಾಗ ಮೊದಲು ಕೂತು ಎದ್ದುಹೋದವನೇ ತಿರುಗಿ ಬಂದಿದ್ದಾನೆ. ಪಾರ್ಲಿಮೆಂಟು ಅದೇ, ಪಕ್ಷ ಅದೇ, ಮನುಷ್ಯನೂ ಹಳಬ. ಆದರೂ ಲೂಚಿಯಾ ಏನೋ ಬದಲಾಗಿದೆ ಅನ್ನುತ್ತಾಳೆ. ಇನ್ನು ಆ ಹಳೆಯ ಜನರ ಓಟಿನಿಂದ ಯಾರಿಗೂ ಅಷ್ಟು ಸುಲಭವಾಗಿ ಆಳಲು ಆಗುವುದಿಲ್ಲವಂತೆ. ಅಷ್ಟಕ್ಕೆ ಐದು ಜನ ಸಾಯಬೇಕಿತ್ತೆ ಎಂದೆ.

ಪಾವ್ಲೊನ ತೊಡೆಗೆ ಗುಂಡು ಬಿದ್ದಿತ್ತು. ಕಾಲು ಉಳಿದಿದೆ, ಕುಂಟುತ್ತಾನಂತೆ. ನಾಡಿದ್ದು ಅವಳು ಹೊರಡುತ್ತಾಳೆ. ಬ್ರೂನೊ ಒಪ್ಪಂದ ಮುಗಿಸಿ ಆಮೇಲೆ ಹೋಗುತ್ತಾನೆ. ಇವತ್ತು ಅವನೇ ಪಾವ್ಲೊನ ಹೆಸರು ಎತ್ತಿ, ಅವನಿಗೊಂದು ಕೋಲು ಕೊಂಡುಹೋಗು ಎಂದು ಹೆಂಡತಿಗೆ ಹೇಳಿದ.

ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ನಿರ್ಮಲಮ್ಮ ಹೇಳಿಕಳಿಸಿದ್ದರು. ಹೋಗಿದ್ದೆ. ಇವರು ಗೆರೆ ದಾಟಿದ ದಿನ ಸ್ಟಾಂಪಿಗಾಗಿ ಆಫೀಸಿಗೆ ಬಂದು ಎಲ್ಲ ನೋಡಿದ್ದರಂತೆ. ಸೋಮವಾರದಿಂದ ಕೆಳಗಿನ ತರಗತಿಗೆ ಪಾಠ ಹೇಳುತ್ತೀರಾ ಎಂದರು. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಜುಲೈ ೩೦, ಶನಿವಾರ

ಲೂಚಿಯಾಳನ್ನು ಹರಿಹರ ಸ್ಟೇಷನ್ನಿನಲ್ಲಿ ಬೊಂಬಾಯಿಯ ದಾರಿಗೆ ಕಳಿಸಿ ಬಂದೆ. ಅತ್ತೆ ಕೊಟ್ಟ ಖಾರ ಮಂಡಕ್ಕಿಯ ಪೊಟ್ಟಣವನ್ನು ಎದೆಗವಚಿಕೊಂಡು ಕೂತಿದ್ದಳು. ರೈಲು ಹೊರಟ ಮೇಲೆ ಒಬ್ಬಳೇ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಮನೆಗೆ ಬಂದರೆ ಜಂಬಯ್ಯನವರು ಜಗುಲಿಯ ಮೇಲೆ. ಒಂದು ಹಾಳೆ ತಂದಿದ್ದರು, ಟೈಪು ಮಾಡಿದ್ದು. ತಪ್ಪಾಯಿತು, ವಿಷಾದಿಸುತ್ತೇನೆ ಎಂದು ಅದರಲ್ಲಿ ಸಹಿ ಮಾಡಿದರೆ ನೌಕರಿಗೆ ತಿರುಗಿ ತೆಗೆದುಕೊಳ್ಳುತ್ತಾರೆ. ಎಷ್ಟೋ ಕಡೆ ಮಾಡಿದ್ದಾರಂತೆ. "ಒಂದು ಸಹಿ ಅಷ್ಟೇರಿ. ನನ್ನ ಮಾತು ಕೇಳ್ರಿ" ಎಂದರು. ಒಳ್ಳೆಯ ಮನುಷ್ಯ. ಅವರ ಮೇಲೂ ವಿಚಾರಣೆ ಇದೆ, ಕಿಟಕಿ ತೆಗೆದದ್ದಕ್ಕೆ.

ಇವರು ಪೆನ್ನು ಕೈಯಲ್ಲಿ ಹಿಡಿದಿದ್ದರು. ಅತ್ತೆ ಹೊಸ್ತಿಲಲ್ಲಿ ನಿಂತು, "ಮಾಡಪ್ಪ, ಮಾಡು" ಎನ್ನುತ್ತಿದ್ದರು.

ನಾನು ಚಪ್ಪಲಿ ಬಿಡುತ್ತ, "ಯಾವುದಕ್ಕೆ ವಿಷಾದ ಅಂತ ಬರದಾರ್ರಿ ಅದರಾಗೆ? ಕೂತಿದ್ದಕ್ಕೋ, ಗೆರೆ ದಾಟಿದ್ದಕ್ಕೋ?" ಎಂದೆ. ತಿಳಿಯದೆಯೇ ಕೇಳಿದ್ದು. ಬೇರೆ ಉದ್ದೇಶ ಇರಲಿಲ್ಲ.

ಇವರು ಹಾಳೆಯನ್ನು ಮತ್ತೆ ಓದಿದರು. "ಬರದಿಲ್ಲ" ಎಂದರು. ಆಮೇಲೆ, "ಗೆರೆ ದಾಟಿದ್ದಕ್ಕೆ ನನಗೆ ವಿಷಾದ ಇಲ್ಲ" ಎಂದರು.

"ಹಂಗಾರ ಕೂತಿದ್ದಕ್ಕೆ ಮಾಡ್ರಿ" ಎಂದರು ಜಂಬಯ್ಯನವರು.

ಇವರು ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ಮಡಚದೆ ಹಾಗೇ ಅವರ ಕೈಗೆ ಕೊಟ್ಟರು. "ಅದಕ್ಕೂ ಆಗಲ್ಲ ಸಾರ್."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಹಿ ಆಗಿಹೋಗುತ್ತಿತ್ತು. ಇಡೀ ಮನೆಯ ಅನ್ನವನ್ನು ನಾನೇ ಕೆಡಿಸಿದೆನೆ? ಅತ್ತೆ ನನ್ನನ್ನೇ ನೋಡುತ್ತಿದ್ದರು. ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ನಿಂತೆ. ಜಂಬಯ್ಯನವರು ಎದ್ದು ಹೋದರು.

ಆಮೇಲೆ ಅತ್ತೆ ಅಂಗಳದಲ್ಲಿ ಮಣ್ಣಾಡುತ್ತಿದ್ದ ಶಹಜಾದಿಯನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡು, ಯಾರ ಮುಖವನ್ನೂ ನೋಡದೆ ಸಿಡುಕಿದರು: "ಆ ನಿರ್ಮಲಮ್ಮಗೆ ಬರ್ತೀನಿ ಅಂತ ಇವತ್ತೇ ಹೇಳಿ ಬಾ ಹೋಗು. ನಾಳೆ ಭಾನುವಾರ, ಆಕಿ ಸಿಗಲ್ಲ."